ನಾನು ಹಚ್ಚಿದ ಒಂದು ಕೊಂಬು

1998ರ ನವೆಂಬರ್ ತಿಂಗಳು. ಆಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಸಣ್ಣ ದಿನಪತ್ರಿಕೆಯ ತಾಲ್ಲೂಕು ವರದಿಗಾರನಾಗಿದ್ದೆ. ಬಸ್ ನಿಲ್ದಾಣದ ಎದುರು ಮಹಡಿಯ ಮೇಲೊಂದು ಕೋಣೆ, ಒಂದು ಮೇಜು, ಒಂದು ಫೋನು. ಸುದ್ದಿ ಬರೆದು ಲಕೋಟೆಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಹೊಸಪೇಟೆಯ ಮುದ್ರಣಾಲಯ ಸೇರುತ್ತಿತ್ತು.

ಹದಿನಾರು ವರ್ಷದ ಆ ಕೆಲಸದಲ್ಲಿ ನನಗೆ ಎರಡು ಅಭ್ಯಾಸ ಅಂಟಿಕೊಂಡಿದ್ದವು. ಯಾವ ವಾಕ್ಯವನ್ನೂ ಅರ್ಧಕ್ಕೆ ಬಿಡಬಾರದು. ಯಾರು, ಎಲ್ಲಿ, ಏನು ಮಾಡಿದರು ಎಂಬುದು ಅದರಲ್ಲಿ ಇರಲೇಬೇಕು. ಇದು ಒಂದು. ಕೈಗೆ ಬಂದ ಮೂಲ ಪ್ರತಿಯನ್ನು ಮೂರು ತಿಂಗಳವರೆಗೆ ಎಸೆಯಬಾರದು ಎಂಬುದು ಇನ್ನೊಂದು. ನಾನು ಹೇಳಹೊರಟಿರುವ ಘಟನೆಯಲ್ಲಿ ಮೊದಲನೆಯದು ನನ್ನನ್ನು ಕೆಡಿಸಿತು, ಎರಡನೆಯದು ಕಾಪಾಡಿತು.

ನಮ್ಮ ಪತ್ರಿಕೆಯಲ್ಲಿ ಭಾನುವಾರ ಶಾಲಾ ಮಕ್ಕಳ ಬರಹಗಳಿಗೆ ಅರ್ಧ ಪುಟ ಮೀಸಲಿತ್ತು. ಊರಿನ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿ ಸುಮಂಗಲಾ ಟೀಚರ್ ಒಂದು ದಿನ ನನ್ನನ್ನು ಹತ್ತನೇ ತರಗತಿಯ ಹುಡುಗಿಯರ ಮುಂದೆ ನಿಲ್ಲಿಸಿದರು. ಬರವಣಿಗೆಯ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ನಾನು ನನಗೆ ಗೊತ್ತಿದ್ದನ್ನೇ ಹೇಳಿದೆ: ಕರ್ತೃ ಇರಲಿ, ಕ್ರಿಯಾಪದ ಇರಲಿ, ವಾಕ್ಯ ಪೂರ್ತಿಯಾಗಲಿ. ಹುಡುಗಿಯರು ತಲೆಯಾಡಿಸಿದರು. ಅರ್ಧ ಗಂಟೆಯಲ್ಲಿ ಮೂರು ಸಲ ಗಡಿಯಾರ ನೋಡಿಕೊಂಡೆ. ಮಧ್ಯಾಹ್ನದ ಬಸ್ಸಿಗೆ ಲಕೋಟೆ ಕೊಡಬೇಕಿತ್ತು.

ನನ್ನ ಮಾತು ಮುಗಿದ ಮೇಲೆ ಟೀಚರ್ ಎದ್ದು ನಿಂತು, “ಸರ ಹೇಳಿದ್ದು ಖರೇ. ಆದ್ರ ಇವತ್ತು ನಾವು ಬರೇ ಅರ್ಧಾ ವಾಕ್ಯ ಬರಿಯೋಣ,” ಎಂದರು. “ಕ್ರಿಯಾಪದ ಬ್ಯಾಡ. ಮೊದಲು ನೀವು ಕಂಡಿದ್ದು ಒಂದು. ಅದರ ಮುಂದ, ಅದು ಯಾವುದರಂಗ ಅಂತ ಒಂದು. ಅಷ್ಟ. ಮತ್ತ ಚಂದ್ರ, ಕಮಲ, ಕೋಗಿಲೆ ಮೂರೂ ಇವತ್ತು ರಜಾದ ಮ್ಯಾಲ ಅದಾವ. ನಿಮ್ಮ ಮನ್ಯಾಗಿಂದು, ಓಣ್ಯಾಗಿಂದು ತರ್ರಿ.”

ತಂಬ್ರಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ ಮೊದಲು ಎದ್ದಳು. “ಮುಂಜಾನಿ ಬಸ್ಸು. ಸಂತಿ ಚೀಲದಂಗ.”

“ಯಾಕ?” ಟೀಚರ್ ಕೇಳಿದರು.

“ಮ್ಯಾಲ ಕುಂಬಳಕಾಯಿ, ಕೆಳಗ ಟೊಮಾಟಿ. ನಾವು ಕೆಳಗಿನೋರು ಟೀಚರ್.”

ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಮುಖ ಮರೆಮಾಡಿಕೊಂಡು ಓದಿದರು: “ಪೇಪರ್ ಸರ. ಅಲಾರಂ ಗಡಿಯಾರದಂಗ.” ಈ ಸಲ ಟೀಚರೂ ನಕ್ಕರು. ನಾನು ಕೈಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡೆ.

ಹೊರಡುವಾಗ ಬಾಗಿಲ ಬಳಿ ಟೀಚರ್ ತಮ್ಮ ಕಾರಣ ಹೇಳಿದರು. “ಪೂರ್ತಿ ವಾಕ್ಯ ಬರೀರಿ ಅಂದ್ರ ಈ ಹುಡುಗ್ಯಾರು ಪೆನ್ನ ಎತ್ತಂಗಿಲ್ರಿ ಸರ. ಕ್ರಿಯಾಪದ ಬಂತಂದ್ರ ಅಂಜಿಕಿ. ‘ಐತಿ’ ಬರೀಬೇಕೋ ‘ಇದೆ’ ಬರೀಬೇಕೋ? ‘ಹೋಗ್ಯಾನ’ ಅಂದ್ರ ತಪ್ಪೋ? ಬಾಯಾಗಿನ ಮಾತಿಗೂ ಪುಸ್ತಕದ ಮಾತಿಗೂ ಜಗಳ ಹತ್ತೋದು ಅಲ್ಲೇ ನೋಡ್ರಿ. ಅದಕ್ಕ ಕ್ರಿಯಾಪದಾನ ತಗದ ಬಿಟ್ಟೆ. ಅಂಜಿಕಿನೂ ಹೋತು.”

“ಅರ್ಧಕ್ಕ ಬಿಟ್ರ ಓದೋರಿಗೆ ತಿಳಿಬೇಕಲ್ರಿ?” ಎಂದೆ.

“ಅರ್ಧಾ ಬರಿಯೋರ್ದು, ಇನ್ನರ್ಧಾ ಓದೋರ್ದು ಅಂತ ಹೇಳೀನ್ರಿ ಅವರಿಗೆ.”

ಮಾತು ಚೆನ್ನಾಗಿದೆ ಅನ್ನಿಸಿತು, ಆದರೆ ಪತ್ರಿಕೆಗೆ ಆಗಿಬರುವ ಮಾತಲ್ಲ ಎಂದುಕೊಂಡೆ. ಅವರು ಕೊಟ್ಟ ಐದು ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ಅದರಲ್ಲಿ ಒಂದು ಹಸೀನಾ ಎಂಬ ಹುಡುಗಿಯದು. ಎರಡನೇ ಬೆಂಚಿನ ತುದಿಯಲ್ಲಿ ಕೂತಿದ್ದವಳು. ಬೆರಳ ತುದಿಗಳಲ್ಲಿ ಕಂದು ವಾರ್ನಿಷ್ ಕಲೆ ಇದ್ದುದರಿಂದ ನನಗೆ ನೆನಪಿದ್ದಳು. ಅವಳ ತಂದೆ ಹುಸೇನಸಾಬ್ ಕೊಟ್ಟೂರು ರಸ್ತೆಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವವರು. ಊರಿಗೆಲ್ಲ ಅವರು ವೈಂಡಿಂಗ್ ಹುಸೇನಸಾಬ್. ಅವರಿಗೆ ಓದಲು ಬರುತ್ತಿರಲಿಲ್ಲ. ಹಸೀನಾ ನೀಲಿ ಪೆನ್ನಿನಲ್ಲಿ ಹೀಗೆ ಬರೆದಿದ್ದಳು:

ಸುಟ್ಟ ಮೋಟಾರು. ಮುನಿದ ಎಮ್ಮಿಯಂಗ.
ತಾಮ್ರದ ತಂತಿ. ಹೊಸ ಸೊಸಿ ಜಡಿಯಂಗ.
ಒಂದೊಂದು ಸುತ್ತು. ಮಣಿ ಎಣಿಸಿದಂಗ.
ಲೆಕ್ಕ ತಪ್ಪಿದರ, ಮತ್ತ ಮೊದಲಿಂದ.
ಸಿಟ್ಟು ಬ್ಯಾಡ. ಅವಸರ ಬ್ಯಾಡ.
ಅಪ್ಪನ ಹಂಗ.

ಸಂಜೆ ಕೆಂಪು ಪೆನ್ನು ಹಿಡಿದು ಕೂತೆ. ಆಡುಮಾತನ್ನು ಅಚ್ಚಿಗೆ ಕೊಡಬಾರದು ಎಂಬುದು ನಮ್ಮ ಪತ್ರಿಕೆಯ ಪದ್ಧತಿ. ‘ಎಮ್ಮಿಯಂಗ’ವನ್ನು ‘ಎಮ್ಮೆಯಂತೆ’ ಮಾಡಿದೆ, ‘ಜಡಿಯಂಗ’ವನ್ನು ‘ಜಡೆಯಂತೆ’ ಮಾಡಿದೆ, ‘ಬ್ಯಾಡ’ವನ್ನು ‘ಬೇಡ’ ಮಾಡಿದೆ. ಕೊನೆಯ ಸಾಲಿಗೆ ಬಂದೆ. ಮೇಲಿನ ಸಾಲುಗಳಲ್ಲಿ ಹುಡುಗಿ ‘ಅಂಗ’ವನ್ನು ಹಿಂದಿನ ಪದಕ್ಕೆ ಕೂಡಿಸಿ ಬರೆದಿದ್ದಳು. ಇಲ್ಲಿ ಮಾತ್ರ ‘ಹಂಗ’ ಬೇರೆಯಾಗಿ ನಿಂತಿತ್ತು. ಹೀಗಾಗಿ ನನಗೆ ಅದು ಬೇರೆ ಪದವಾಗಿ ಕಂಡಿತು. ‘ಹಂಗು’ ಬರೆಯಲು ಹೋಗಿ ಕೊಂಬು ಬಿಟ್ಟಿದ್ದಾಳೆ ಎಂದುಕೊಂಡೆ. ಗ-ಕ್ಕೆ ಕೊಂಬು ಹಚ್ಚಿದೆ. ಆದರೂ ಸಾಲು ಅರ್ಧಕ್ಕೇ ನಿಂತಿತ್ತು. ಸಿಟ್ಟು ಬೇಡ, ಅವಸರ ಬೇಡ ಎಂದಾದ ಮೇಲೆ ಮೂರನೆಯದಕ್ಕೂ ಒಂದು ‘ಬೇಡ’ ಬೇಕಲ್ಲ? ಅದನ್ನೂ ಸೇರಿಸಿ ವಾಕ್ಯ ಪೂರ್ತಿ ಮಾಡಿದೆ. ಶುದ್ಧಪ್ರತಿ ಬರೆದು ಮರುದಿನದ ಬಸ್ಸಿಗೆ ಕಳಿಸಿ, ತಿದ್ದಿದ ಮೂಲವನ್ನು ಕಡತಕ್ಕೆ ಸೇರಿಸಿದೆ.

ಒಂದು ಮಾತು ಇಲ್ಲಿ ಹೇಳಬೇಕು. ನಾನು ಹೊರಗಿನವನಲ್ಲ. ಹಡಗಲಿ ಕಡೆಯವನು. ಮನೆಯಲ್ಲಿ ದಿನಕ್ಕೆ ನೂರು ಸಲ ‘ಹಂಗ’ ಅನ್ನುವವನು. ಆದರೆ ಕೆಂಪು ಪೆನ್ನು ಹಿಡಿದಾಗ ನನ್ನ ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು, ಕಿವಿ ಕೆಲಸ ಮಾಡುತ್ತಿರಲಿಲ್ಲ.

ಭಾನುವಾರ ಪುಟ ಬಂತು. ಗುರುವಾರ ಮಧ್ಯಾಹ್ನ ಸುಮಂಗಲಾ ಟೀಚರ್ ಏದುಸಿರು ಬಿಡುತ್ತಾ ನನ್ನ ಮಹಡಿ ಹತ್ತಿ ಬಂದರು. ಕೈಯಲ್ಲಿ ಹತ್ತನೇ ತರಗತಿಯ ಪರೀಕ್ಷೆಯ ಅರ್ಜಿ ಇತ್ತು.

“ಸರ, ಹಸೀನಾ ನಾಕು ದಿನ ಆತು ಸಾಲಿಗೆ ಬಂದಿಲ್ಲ. ನಾಳೆ ಅರ್ಜಿಗೆ ಕಡೀ ದಿನ. ಅವರಪ್ಪ ಸಹಿ ಹಾಕವಲ್ರು.”

“ಯಾಕ್ರಿ?”

“‘ನನ್ನ ಹಂಗು ಬ್ಯಾಡ ಅಂದಮ್ಯಾಲ ನನ್ನ ಸಹಿ ಯಾಕ ಬೇಕು’ ಅಂತಾರ.”

ನಡೆದದ್ದನ್ನು ಅವರು ಹೇಳಿದರು. ಮಗಳ ಹೆಸರು ಪೇಪರಿನಲ್ಲಿ ಬಂದಿದೆ ಎಂದು ಹುಸೇನಸಾಬರು ಭಾನುವಾರ ಬೆಳಿಗ್ಗೆಯೇ ಆ ಪುಟವನ್ನು ಅಂಗಡಿ ಗೋಡೆಗೆ ಅಂಟಿಸಿದ್ದರು. ಮೋಟಾರು ರಿಪೇರಿಗೆ ಬಂದಿದ್ದ ತಂಬ್ರಹಳ್ಳಿಯ ರೈತ ಬಸಣ್ಣನಿಗೆ ಓದಲು ಹೇಳಿದ್ದರು. ಅಕ್ಕಪಕ್ಕದ ಅಂಗಡಿಯವರೂ ಕೇಳಲು ಬಂದು ನಿಂತಿದ್ದರು. ಬಸಣ್ಣ ಗಟ್ಟಿಯಾಗಿ ಓದುತ್ತಾ ಹೋಗಿ ಕೊನೆಗೆ, “ಅಪ್ಪನ ಹಂಗು ಬೇಡ,” ಎಂದು ನಿಲ್ಲಿಸಿದ್ದ. ಆಮೇಲೆ ಬಸಣ್ಣನೇ, “ಓದಿ ಓದಿ ಹುಡುಗಿಗೆ ಕೊಂಬು ಬಂದಾವ ಬಿಡಪಾ,” ಎಂದಿದ್ದ.

ನಾನು ಇದನ್ನೆಲ್ಲ ಕೇಳಿಯೂ ಅಲುಗಾಡಲಿಲ್ಲ. “ಆಕಿ ಬರದಿದ್ದ ಅಲ್ರಿ ಅದು?” ಎಂದೆ.

“ಬರದಿಲ್ಲ ಅಂತ ಅಳತಾಳ್ರಿ. ಆಕಿ ಮಾತು ಯಾರು ನಂಬತಾರ? ಪೇಪರಿನಾಗ ಬಂದೈತಿ.”

“ಮೂಲ ನನ್ನ ಹತ್ರ ಐತಿ. ತಡೀರಿ, ತೋರಸ್ತೀನಿ.”

ಹುಡುಗಿಯ ತಪ್ಪು ತೋರಿಸಲೆಂದೇ ಕಡತ ತೆರೆದೆ. ಹಾಳೆ ಸಿಕ್ಕಿತು. ಟೀಚರ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಕೆಂಪು ಬಿಡ್ರಿ. ನೀಲಿ ಓದ್ರಿ. ಜೋರಾಗಿ ಓದ್ರಿ, ಮನ್ಯಾಗ ಮಾತಾಡಿದಂಗ,” ಎಂದರು.

ಓದಿದೆ. “ಸಿಟ್ಟು ಬ್ಯಾಡ. ಅವಸರ ಬ್ಯಾಡ. ಅಪ್ಪನ ಹಂಗ.”

ಅಪ್ಪನ ಹಾಗೆ. ಸಿಟ್ಟು ಮಾಡದೆ, ಅವಸರಪಡದೆ, ಅಪ್ಪ ಇರುವ ಹಾಗೆ. ಹುಡುಗಿ ಅಪ್ಪನಂತೆ ಆಗಬೇಕು ಎಂದು ಬರೆದಿದ್ದಳು. ಅಪ್ಪನ ಋಣವೇ ಬೇಡ ಎಂದು ನಾನು ಅಚ್ಚು ಹಾಕಿಸಿದ್ದೆ. ಆ ಕ್ಷಣ ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ. ಕೊಂಬು ಹುಡುಗಿಗೆ ಬಂದಿರಲಿಲ್ಲ. ಅದನ್ನು ಹಚ್ಚಿದವನು ನಾನು.

ಅಂದಿನ ಲಕೋಟೆ ಬಸ್ಸಿಗೆ ಹೋಗಲಿಲ್ಲ. ಹಾಳೆ ಹಿಡಿದು ಟೀಚರ್ ಜೊತೆ ಹೊರಟೆ.

ಅಂಗಡಿಯಲ್ಲಿ ಹುಸೇನಸಾಬರು ನೆಲಕ್ಕೆ ಕೂತು ಕೈಯಂತ್ರದ ಹಿಡಿಕೆ ತಿರುಗಿಸುತ್ತಾ ತಂತಿ ಸುತ್ತುತ್ತಿದ್ದರು. ನಾವು ಬಂದದ್ದು ಅವರಿಗೆ ಗೊತ್ತಾಯಿತು, ಆದರೆ ತಲೆ ಎತ್ತಲಿಲ್ಲ. ತುಟಿ ಅಲುಗುತ್ತಿತ್ತು. ಸುತ್ತು ಎಣಿಸುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ರಿಪೇರಿಯಾದ ಮೋಟಾರು ಒಯ್ಯಲು ಬಂದಿದ್ದ ಬಸಣ್ಣ ತಾನು ಕೂತಿದ್ದ ಸ್ಟೂಲನ್ನು ಟೀಚರಿಗೆ ಬಿಟ್ಟುಕೊಟ್ಟ. ಗೋಡೆಯ ಮೇಲೆ ನಮ್ಮ ಪತ್ರಿಕೆಯ ಪುಟ ಹಾಗೇ ಇತ್ತು. ಅದನ್ನು ಅವರು ಹರಿದು ಹಾಕಿರಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಕಷ್ಟವಾಯಿತು.

“ಅರವತ್ತು,” ಎಂದು ಹಿಡಿಕೆ ನಿಲ್ಲಿಸಿ ತಂತಿಗೆ ಗಂಟು ಹಾಕಿದರು. “ಹೇಳ್ರಿ ಸರ.”

“ತಪ್ಪು ನಂದು, ಹುಸೇನಸಾಬ್ರ. ನಿಮ್ಮ ಮಗಳು ಹಂಗ ಬರದಿಲ್ಲ.”

ಅವರು ತಣ್ಣಗೆ ಹೇಳಿದರು: “ನೀವು ದೊಡ್ಡೋರು. ಹುಡುಗಿ ಪರೀಕ್ಷೆ ತಪ್ಪಬಾರದು ಅಂತ ಸುಳ್ಳು ನಿಮ್ಮ ಮ್ಯಾಲ ಹಾಕ್ಕೊಳ್ಳಾಕ ಬಂದೀರಿ. ಪೇಪರಿನಾಗ ಬಂದಿದ್ದು ಹೆಂಗ ಸುಳ್ಳಾಕೈತ್ರಿ? ಹದಿನೈದು ವರ್ಷ ಸಾಕೀನಿ. ಒಂದಿನಾರ ಹಂಗು ಅಂತ ಅಂದೀನೇನು ಆಕಿಗೆ? ಮನ್ಯಾಗ ಅಬ್ಬಾ ಅಬ್ಬಾ ಅಂತ ಕರೀತಾಳ, ಊರಿಗೆಲ್ಲ ಹಿಂಗ ಸಾರ್‍ಯಾಳ.”

ನಾನು ಹಾಳೆ ಬಿಡಿಸಿ ಅವರ ಮುಂದೆ ಹಿಡಿದೆ. ಅವರು ಓದಲಿಲ್ಲ, ನೋಡಿದರು. ಬಹಳ ಹೊತ್ತು ನೋಡಿದರು. ಕನ್ನಡಕ ಹಾಕಿಕೊಂಡು, ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ಮತ್ತೆ ನೋಡಿದರು.

“ಈ ನೀಲಿ ಯಾರದು?”

“ನಿಮ್ಮ ಮಗಳದು.”

“ಕೆಂಪು?”

“ನಂದು.”

ಅವರು ಗೋಡೆಯತ್ತ ತಿರುಗಿದರು. “ಬಸಣ್ಣ, ಬಾರಪಾ ಇಲ್ಲಿ. ನೀಲಿ ಅಷ್ಟ ಓದು. ಕೆಂಪಿಗೆ ಕಣ್ಣು ಹಾಕಬ್ಯಾಡ.”

ಬಸಣ್ಣ ಟವೆಲಿನಿಂದ ಕೈ ಒರೆಸಿಕೊಂಡು ಹಾಳೆ ಹಿಡಿದ. ಭಾನುವಾರ ಅಚ್ಚಿನ ಭಾಷೆಯನ್ನು ತಡವರಿಸುತ್ತಾ ಓದಿದ್ದವನಿಗೆ ಈ ಸಲ ಎಲ್ಲೂ ತೊಡಕಾಗಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಿದಂತೆ ಓದಿದ. ಎಮ್ಮೆಯ ಸಾಲಿಗೆ ತಾನೇ ನಕ್ಕ. “ಸಿಟ್ಟು ಬ್ಯಾಡ. ಅವಸರ ಬ್ಯಾಡ. ಅಪ್ಪನ ಹಂಗ.” ಓದಿ ಮುಗಿಸಿ ಅವನೇ ಹುಸೇನಸಾಬರ ಮುಖ ನೋಡಿದ. “ಲೇ ಹುಸೇನಿ, ನಿನ್ನ ಹಂಗ ಅಂದಾಳಲೇ. ನಿನ್ನ ಹಂಗ ಇರಬೇಕು ಅಂದಾಳ!”

ಹುಸೇನಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅದು ಅಷ್ಟು ಒರೆಸುವಂಥ ಕನ್ನಡಕವೇನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿ ಹೇಳಿದರು: “ಮೋಟಾರಿಗೆ ಮೂರು ವೈರು ಬರತಾವ್ರಿ ಸರ. ಕೆಂಪು, ಹಳದಿ, ನೀಲಿ. ಕೆಂಪಿನ ಜಾಗಕ್ಕ ನೀಲಿ, ನೀಲಿ ಜಾಗಕ್ಕ ಕೆಂಪು ಹಾಕಿದ್ರ ಮೋಟಾರು ಉಲ್ಟಾ ತಿರಗತೈತಿ. ಆವಾಜು ಅದ. ನೀರು ಮಾತ್ರ ಬರಂಗಿಲ್ಲ. ನೀವೂ ಅದ ಮಾಡೀರಿ ನೋಡ್ರಿ.”

“ಹೌದು,” ಎಂದೆ. ಅಷ್ಟು ನಿಖರವಾಗಿ ನನ್ನ ತಪ್ಪನ್ನು ನಮ್ಮ ಸಂಪಾದಕರೂ ಎಂದೂ ಹೇಳಿದ್ದಿಲ್ಲ.

“ಹಸೀನಾ,” ಎಂದು ಅವರು ಒಳಗೆ ಕೂಗಿದರು. ಅಂಗಡಿಯ ಹಿಂದೆಯೇ ಮನೆ. ಪರದೆಯ ಹಿಂದೆ ಅವಳು ಎಲ್ಲವನ್ನೂ ಕೇಳುತ್ತಾ ನಿಂತಿದ್ದಿರಬೇಕು, ಕೂಗಿದ ಕೂಡಲೇ ಬಂದಳು. ಕಣ್ಣು ಕೆಂಪಾಗಿದ್ದವು. ತಂದೆ ಉರ್ದುವಿನಲ್ಲಿ ಒಂದೇ ಮಾತು ಹೇಳಿ ಅವಳ ತಲೆಯ ಮೇಲೆ ಕೈಯಿಟ್ಟರು. ಆ ಮಾತು ನನಗೆ ಕೇಳಿಸಲಿಲ್ಲ.

ನಾನು ಅವಳಿಗೂ ಹೇಳಬೇಕಿತ್ತು. “ತಪ್ಪಾತಮ್ಮ, ನಾನು ಪೂರ್ತಿ ಮಾಡಾಕ ಹೋದೆ,” ಎಂದೆ.

ಅವಳು ಟೀಚರ್ ಮುಖ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಅರ್ಧಾ ಬರಿಯೋರ್ದು, ಇನ್ನರ್ಧಾ ಓದೋರ್ದು ಅಂತ ಟೀಚರ್ ಹೇಳಿದ್ರು ಸರ. ನೀವು ಓದಲಿಲ್ಲ. ಬರದುಬಿಟ್ರಿ.”

“ಏಯ್,” ಎಂದು ಟೀಚರ್ ಗದರಿಸಿದರು.

“ಗದರಿಸಬ್ಯಾಡ್ರಿ, ಖರೇ ಹೇಳ್ಯಾಳ,” ಎಂದೆ.

ಟೀಚರ್ ಅರ್ಜಿ ಮುಂದೆ ಇಟ್ಟರು. ಹುಸೇನಸಾಬರಿಗೆ ಕನ್ನಡದಲ್ಲಿ ಸಹಿ ಮಾಡುವುದನ್ನು ಕಲಿಸಿದ್ದವಳು ಹಸೀನಾಳೇ. ಅವರು ಪೆನ್ನು ಹಿಡಿದು ನಿಧಾನವಾಗಿ ‘ಹ’ ಬರೆದು ನಿಲ್ಲಿಸಿದರು. ತಲೆ ಎತ್ತದೆ ಕೇಳಿದರು: “ಸರ, ಇಲ್ಲಿ ಕೊಂಬು ಬೇಕೋ ಬ್ಯಾಡೋ?”

“ಹಾಕ ಮಾರಾಯ,” ಎಂದ ಬಸಣ್ಣ, “ಇಲ್ಲಂದ್ರ ಹಸೇನಸಾಬ ಆಗತಿ.”

ನಾಲ್ಕು ದಿನದ ನಂತರ ಆ ಅಂಗಡಿಯಲ್ಲಿ ಮೊದಲ ಸಲ ನಗು ಕೇಳಿಸಿರಬೇಕು. ಹಸೀನಾಳೂ ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡು ನಕ್ಕಳು. ಸಹಿ ಪೂರ್ತಿಯಾಯಿತು.

ಮರುದಿನ ಅರ್ಜಿ ಹೋಯಿತು. ನಾನು ಹೊಸಪೇಟೆಗೆ ಫೋನು ಮಾಡಿ ತಿದ್ದುಪಡಿ ಹಾಕಬೇಕು ಎಂದೆ. “ಮಕ್ಕಳ ಪುಟದ ಪದ್ಯಕ್ಕೆ ತಿದ್ದುಪಡಿಯೇ? ಯಾರಾದರೂ ದೂರು ಕೊಟ್ಟಿದ್ದಾರಾ?” ಎಂದು ಸುದ್ದಿ ಸಂಪಾದಕರು ಕೇಳಿದರು. ಒಬ್ಬ ಓದುಗ ಕೊಟ್ಟಿದ್ದಾನೆ, ಅವನಿಗೆ ಓದಲು ಬರುವುದಿಲ್ಲ ಎಂದೆ. ಮುಂದಿನ ಭಾನುವಾರ ಹಸೀನಾಳ ಆರೂ ಸಾಲು ಅವಳು ಬರೆದ ಹಾಗೆಯೇ ಅಚ್ಚಾದವು. ಕೆಳಗೆ, ಕಳೆದ ವಾರದ ತಪ್ಪು ವರದಿಗಾರನದು, ಬರೆದವಳದಲ್ಲ ಎಂಬ ಒಂದು ಸಾಲು. ನಮ್ಮ ಪತ್ರಿಕೆಯಲ್ಲಿ ‘ಹಂಗ’ ಎಂಬ ಪದ ಅಚ್ಚಾದದ್ದು, ನನಗೆ ತಿಳಿದಂತೆ, ಅದೇ ಮೊದಲು.

ಹುಸೇನಸಾಬರು ಹೊಸ ಪುಟವನ್ನು ಹಳೆಯದರ ಮೇಲೆ ಅಂಟಿಸಲಿಲ್ಲ, ಪಕ್ಕದಲ್ಲಿ ಅಂಟಿಸಿದರು. ಮೋಟಾರು ತರುವವರಿಗೆಲ್ಲ ಎರಡನ್ನೂ ತೋರಿಸಿ, “ಇದು ಉಲ್ಟಾ, ಇದು ಸೀದಾ,” ಎಂದು ಹೇಳುತ್ತಿದ್ದರಂತೆ. ಆ ಮಾತು ಬಸ್ ನಿಲ್ದಾಣದವರೆಗೂ ಬಂತು. ಕೆಲವು ತಿಂಗಳು ನನ್ನನ್ನು ಕಂಡವರು “ಏನ್ ಸರ, ಇವತ್ತು ಸೀದಾನೋ ಉಲ್ಟಾನೋ?” ಎಂದು ಕೇಳುತ್ತಿದ್ದರು. ಕೇಳಲಿ ಎಂದು ಬಿಟ್ಟೆ.

ಹಸೀನಾ ಆ ಪರೀಕ್ಷೆ ಪಾಸಾದಳು. ನಂತರ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದಳು. ಆ ತಂಡದಲ್ಲಿ ಅವಳೊಬ್ಬಳೇ ಹುಡುಗಿ ಎಂದು ಟೀಚರ್ ಹೇಳಿದ್ದರು. 2007ರಲ್ಲಿ ಒಂದು ವರದಿಗಾಗಿ ಹರಪನಹಳ್ಳಿಗೆ ಹೋಗಿದ್ದಾಗ ಅಲ್ಲಿನ ತರಬೇತಿ ಕೇಂದ್ರವೊಂದರಲ್ಲಿ ಅವಳನ್ನು ಕಂಡೆ. ಇಪ್ಪತ್ತು ಹುಡುಗರ ಮುಂದೆ ಕೂತು ತಂತಿ ಸುತ್ತಿ ತೋರಿಸುತ್ತಿದ್ದಳು. ತುಟಿ ಅಲುಗುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಎಣಿಕೆ ಮುಗಿಯುವವರೆಗೆ ಅವಳೂ ತಲೆ ಎತ್ತಲಿಲ್ಲ. ಒಬ್ಬ ಹುಡುಗ ಲೆಕ್ಕ ತಪ್ಪಿಸಿಕೊಂಡು ಬೈಗುಳ ನಿರೀಕ್ಷಿಸುತ್ತಾ ಕೂತಿದ್ದ. “ಮತ್ತ ಮೊದಲಿಂದ,” ಎಂದಳು, ಅಷ್ಟೇ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಅವಳ ಪದ್ಯದ ಆರನೆಯ ಸಾಲು ಯಾವುದೆಂದು ನನಗೆ ಗೊತ್ತಿತ್ತು.

ನಾನು ಆಮೇಲೂ ಹಲವು ವರ್ಷ ಕೆಂಪು ಪೆನ್ನು ಹಿಡಿದೆ. ಅದನ್ನು ಬಿಡಲಾಗದು, ಕೆಲಸವೇ ಅದು. ಆದರೆ ಅಂದಿನಿಂದ ಯಾವ ಬರಹವನ್ನು ತಿದ್ದುವ ಮೊದಲೂ ಒಮ್ಮೆ ಬಾಯಿಬಿಟ್ಟು ಓದುತ್ತೇನೆ, ಅದನ್ನು ಬರೆದವರ ಊರಿನ ದನಿಯಲ್ಲಿ. ಮೇಜಿನ ಗಾಜಿನ ಕೆಳಗೆ ಒಂದು ಚೀಟಿ ಇಟ್ಟಿದ್ದೇನೆ. ಅದರಲ್ಲಿ ಎರಡೇ ಪದ: ‘ನೀಲಿ ಮೊದಲು.’ ಕರ್ತೃ ಇಲ್ಲ, ಕ್ರಿಯಾಪದವಿಲ್ಲ. ಅದನ್ನು ಪೂರ್ತಿ ಮಾಡಬೇಕೆಂದು ನನಗೆ ಇವತ್ತಿನವರೆಗೂ ಅನ್ನಿಸಿಲ್ಲ.